ಸಾವಿರ ಕಾಂಗರೂ

ತಿರುಪ್ಪೂರಿಗೆ ಬನಿಯನ್ ತಂದವರು ನಮ್ಮ ತಾತ. ಅದಕ್ಕೆ ಮುಂಚೆ ಊರಿನ ಗಂಡಸರೆಲ್ಲ ಬರೀ ಮೈಯಲ್ಲಿ ಓಡಾಡುತ್ತಿದ್ದರು, ನೊಯ್ಯಲ್ ಹೊಳೆ ನಾಚಿಕೊಂಡು ಹರಿಯುತ್ತಿತ್ತು ಎಂದು ನಮ್ಮ ಮನೆಯಲ್ಲಿ ಹೇಳುತ್ತಾರೆ. ಹೇಳುವವನು ನಾನೇ. ಊರಿನಲ್ಲಿ ಇನ್ನೂ ನಾಲ್ಕು ನೂರು ಮಂದಿ ತಮ್ಮ ತಮ್ಮ ತಾತಂದಿರ ಬಗ್ಗೆ ಇದೇ ಮಾತು ಹೇಳುತ್ತಾರೆ. ಅವರೆಲ್ಲ ಸುಳ್ಳು ಹೇಳುವ ಜನ.

ನನ್ನ ಹೆಸರು ದೊರೈಸಾಮಿ. ನನ್ನದು ಎಕ್ಸ್‌ಪೋರ್ಟ್ ಕಂಪನಿ. ಸೂಯೆಜ್ ಕಾಲುವೆಯಲ್ಲಿ ಹಡಗು ಅಡ್ಡಬಿದ್ದಾಗ ಅರ್ಧ ಯುರೋಪು ಚಳಿಗೆ ನಡುಗಿತಲ್ಲ, ಅದು ನನ್ನ ಸರಕು ಹೋಗಿ ತಲುಪಲಿಲ್ಲವೆಂದು. ನನ್ನ ಹೆಂಡತಿ ತಂಗಮಣಿ ಮಾತ್ರ ಈ ಕಂಪನಿಯನ್ನು ‘ಆ ಶೆಡ್ಡು’ ಎನ್ನುತ್ತಾಳೆ. ಎಂಟು ಹೊಲಿಗೆ ಮೆಷಿನು, ಒಂದು ಕಟಿಂಗ್ ಮೇಜು, ಮಳೆ ಬಂದರೆ ಮೇಜಿನ ಮೇಲೆ ಒಂದು ಬಕೆಟ್ಟು. ಹೊರಗಿನಿಂದ ನೋಡುವವರಿಗೆ ಇಷ್ಟೇ ಕಾಣುವುದು. ದೊಡ್ಡ ವಸ್ತುಗಳನ್ನು ದೂರದಿಂದ ನೋಡಬೇಕು, ಜರ್ಮನಿಯಿಂದ.

ನಮ್ಮದು ಕನ್ನಡದ ಮನೆ. ಈ ಸೀಮೆಗೆ ಬಂದು ಎಷ್ಟು ತಲೆಮಾರಾಯಿತೋ ಲೆಕ್ಕವಿಲ್ಲ. ಜಗಳ, ಅಡುಗೆ, ಅಳು ಎಲ್ಲ ಕನ್ನಡದಲ್ಲಿ. ವ್ಯಾಪಾರ, ಬಸ್ಸು, ಮೈಕಿನ ಭಾಷಣ ತಮಿಳಿನಲ್ಲಿ. ಹೀಗಾಗಿ ಒಬ್ಬನೇ ಮನುಷ್ಯನನ್ನು ತಮಿಳಿನಲ್ಲಿ ಹೊಗಳುತ್ತಾ ಅದೇ ಉಸಿರಿನಲ್ಲಿ ಕನ್ನಡದಲ್ಲಿ ಬೈಯುವ ವಿದ್ಯೆ ನಮಗೆ ಹುಟ್ಟಿನಿಂದ ಬಂದದ್ದು. ಈ ವಿದ್ಯೆಯಲ್ಲಿ ನನ್ನ ಮುಂದೆ ನಿಲ್ಲಬಲ್ಲವನು ಒಬ್ಬನೇ ಒಬ್ಬ, ತಂಗಮಣಿಯ ಅಣ್ಣ ಕುಪ್ಪುಸಾಮಿ. ಕೊಯಮತ್ತೂರಿನಲ್ಲಿ ಗಣಪತಿ ಎಂಬ ಬಡಾವಣೆಯಲ್ಲಿ ಅವನಿಗೆ ಪಂಪು ತಯಾರಿಸುವ ಕಾರ್ಖಾನೆ ಇದೆ. ನಾನು ಅವನನ್ನು ಮಚ್ಚಾನ್ ಎನ್ನುತ್ತೇನೆ, ಅವನು ನನ್ನನ್ನು ಮಾಪ್ಳೆ ಎನ್ನುತ್ತಾನೆ. ಅವನ ಪಂಪು ಪಾತಾಳದಿಂದ ನೀರೆತ್ತುತ್ತದಂತೆ. ಹಾಗೆಂದು ಅವನೇ ಹೇಳಿಕೊಳ್ಳುವುದು. ಬಡಾಯಿ ಕೊಚ್ಚುವ ಮನುಷ್ಯರನ್ನು ಕಂಡರೆ ನನಗೆ ಮೈಯುರಿ.

ಕಳೆದ ಆಡಿ ತಿಂಗಳು, ಆಷಾಢದ ಗಾಳಿಗೆ ತೆಂಗಿನ ಮರಗಳು ನೆಲಕ್ಕೆ ಮುತ್ತಿಡುತ್ತಿದ್ದ ಹೊತ್ತಿನಲ್ಲಿ, ಧಾರಾಪುರಂನಲ್ಲಿದ್ದ ನನ್ನ ಅಕ್ಕನ ಮಗಳು ನಿವೇತಾಗೆ ಏಳನೆಯ ತಿಂಗಳಿಗೇ ನೋವು ಬಂತು. ಅಲ್ಲಿಂದ ಕೊಯಮತ್ತೂರಿಗೆ, ಗಣಪತಿಯ ಒಂದು ಟ್ರಸ್ಟ್ ಆಸ್ಪತ್ರೆಗೆ ಕಳಿಸಿದರು. ಆಂಬುಲೆನ್ಸಿನ ಮುಂದೆ ನಾನು ಸ್ಕೂಟರಿನಲ್ಲಿ ದಾರಿ ಬಿಡಿಸಿಕೊಂಡು ಹೋದೆ. ಪಲ್ಲಡಂ ಹತ್ತಿರ ಆಂಬುಲೆನ್ಸು ತೀರ ಹಿಂದೆ ಬಿದ್ದುಬಿಟ್ಟಿತು, ಪಾಪ, ನಿಂತು ಕಾದೆ. ತಂಗಮಣಿ ಹೇಳುವ ಪ್ರಕಾರ ನಾನು ಆಸ್ಪತ್ರೆಗೆ ಬಂದದ್ದು ಮಾರನೆಯ ದಿನ ಟಿಫಿನ್ ಮುಗಿಸಿಕೊಂಡು. ಇಬ್ಬರ ಮಾತಿನಲ್ಲಿ ಯಾವುದನ್ನು ನಂಬಬೇಕೆಂದು ಓದುವವರಿಗೆ ಬಿಡುತ್ತೇನೆ.

ಹೆಣ್ಣು ಕೂಸು. ಗಣಪತಿಯ ಆ ಟ್ರಸ್ಟ್ ಆಸ್ಪತ್ರೆಯಲ್ಲಿ ದಿನ ತುಂಬದೆ ಹುಟ್ಟಿದ ಮಕ್ಕಳಿಗೆಂದೇ ಬೇರೆ ಒಂದು ವಿಭಾಗವಿದೆ. ಗಾಜಿನ ಪೆಟ್ಟಿಗೆಗಳ ಸಾಲು, ಪ್ರತಿ ಪೆಟ್ಟಿಗೆಯಲ್ಲೂ ಒಂದೊಂದು ಜೀವ. ಕಿಟಕಿಯಿಂದ ನೋಡಿದೆ. ನಾನು ಯಾವುದನ್ನೂ ಇದ್ದದ್ದಕ್ಕಿಂತ ಚಿಕ್ಕದಾಗಿ ಹೇಳಿದವನಲ್ಲ. ಈ ಕೂಸನ್ನು ಮಾತ್ರ ಎಷ್ಟು ಚಿಕ್ಕದಾಗಿ ಹೇಳಿದರೂ ಸಾಲದು. ನನ್ನ ಎಕ್ಸೆಲ್ ಸೈಜಿನ ಬನಿಯನ್ನುಗಳ ಒಂದು ಪೆಟ್ಟಿಗೆ ಇದಕ್ಕಿಂತ ತೂಕ. ಮೂಗಿಗೊಂದು ಕೊಳವೆ, ಕಾಲಿಗೊಂದು ವೈರು. ಆ ವೈರಿನ ತುದಿಯಲ್ಲಿ ಕೆಂಪಗೆ ಉರಿಯುತ್ತಿದ್ದ ದೀಪವೇ ಮೈಯಲ್ಲೆಲ್ಲ ದಪ್ಪಗಿದ್ದ ಭಾಗ.

ನಿವೇತಾ ಹೊರಗೆ ಕಾರಿಡಾರಿನಲ್ಲಿ ಸ್ಟೀಲಿನ ಬೆಂಚಿನ ಮೇಲೆ ಕೂತಿರುತ್ತಿದ್ದಳು. ಪೆಟ್ಟಿಗೆಗಳ ನಡುವೆ ನರ್ಸುಗಳು ಓಡಾಡುವಷ್ಟೇ ಜಾಗ. ತಾಯಂದಿರು ಸರದಿಯಲ್ಲಿ ಒಳಗೆ ಹೋಗಿ, ಪೆಟ್ಟಿಗೆಯ ದುಂಡು ಕಿಂಡಿಯಿಂದ ಕೈ ತೂರಿಸಿ, ಬೆರಳ ತುದಿಯಿಂದ ಮುಟ್ಟಿ ಹೊರಗೆ ಬಂದುಬಿಡಬೇಕು. ಒಮ್ಮೆ, ಒಂದೇ ಒಂದು ಸಲ, ಕೂಸನ್ನು ಅವಳ ಎದೆಯ ಮೇಲೆ ಇಟ್ಟಿದ್ದರಂತೆ. ಅವಳು ನಿಂತೇ ಇದ್ದಳು, ಕೂರಲು ಜಾಗವಿರಲಿಲ್ಲ, ಕಾಲು ನಡುಗಿತು, ವಾಪಸ್ ತೆಗೆದುಕೊಂಡರು. ಅಂದಿನಿಂದ ಅವಳಿಗೆ ಅದೊಂದೇ ಜಪ. ಊಟ ತಂದರೆ ಊಟದ ಮಾತಿಲ್ಲ, ಧಾರಾಪುರಂನಲ್ಲಿ ಡ್ರಿಪ್ ಪೈಪಿನ ಅಂಗಡಿ ಇಟ್ಟಿದ್ದ ಗಂಡ ಗೋಪಿನಾಥ್ ಭಾನುವಾರ ಬಂದರೆ ಅವನ ಜೊತೆ ಮಾತಿಲ್ಲ. ಕಣ್ಣಿನ ಆಪರೇಷನ್ ಆಗಿ ಊರಿನಲ್ಲೇ ಮಲಗಿದ್ದ ನನ್ನ ಅಕ್ಕನಿಗೆ ಫೋನು ಮಾಡಿದರೂ ಇದೇ. ನನ್ನನ್ನು ಕಂಡಾಗಲೂ ಇದೇ.

“ಮಾಮ, ಯಾವಾಗ ಎತ್ಕೊಳ್ಳಾಕೆ ಬಿಡ್ತಾರೆ?”

ನಾಳೆಯೇ, ಎನ್ನುತ್ತಿದ್ದೆ ನಾನು. ಆಸ್ಪತ್ರೆಯ ದೊಡ್ಡವರೆಲ್ಲ ನನ್ನ ಕೈಯಲ್ಲಿದ್ದಾರೆ ಎನ್ನುತ್ತಿದ್ದೆ. ಕಾವಲುಗಾರ ಒಮ್ಮೆ ನನ್ನ ಸ್ಕೂಟರು ತೆಗೆದಿಡಲು ಹೇಳಿದ್ದನ್ನು ಬಿಟ್ಟರೆ ಆಸ್ಪತ್ರೆಯಲ್ಲಿ ನನ್ನ ಜೊತೆ ಆಗ ಯಾರೂ ಮಾತಾಡಿರಲಿಲ್ಲ.

ಮುಂದಿನ ವಾರ ಆ ವಿಭಾಗದ ಮುಖ್ಯಸ್ಥೆ ಡಾಕ್ಟರ್ ತೆನ್ಮೊಳಿ ಮಕ್ಕಳ ಮನೆಯವರನ್ನೂ ಸುತ್ತಿನ ವ್ಯಾಪಾರಿಗಳನ್ನೂ ಸೇರಿಸಿದರು. ವಿಭಾಗವನ್ನು ದೊಡ್ಡದು ಮಾಡಬೇಕು, ಟ್ರಸ್ಟಿನಲ್ಲಿ ಹಣವಿಲ್ಲ, ನೀವೆಲ್ಲ ಕೈಜೋಡಿಸಬೇಕು ಎಂದು ತಮಿಳಿನಲ್ಲಿ ತುಂಬ ಚೆನ್ನಾಗಿ ವಿವರಿಸಿದರಂತೆ. ‘ಅಂತೆ’ ಎಂದದ್ದು ಏಕೆಂದರೆ ಆ ಹೊತ್ತಿಗೆ ನಾನು ಡೈಯಿಂಗ್‌ನವನ ಜೊತೆ ಫೋನಿನಲ್ಲಿದ್ದೆ, ನನ್ನ ಬಟ್ಟೆಗೆ ಹೇಳಿದ ಬಣ್ಣ ಹಾಕದೆ ಬೂದಿ ಬಣ್ಣ ಹಾಕಿಟ್ಟಿದ್ದ. ನಾನು ಫೋನು ಜೇಬಿಗಿಟ್ಟುಕೊಂಡಾಗ ಡಾಕ್ಟರಮ್ಮ ಕೊನೆಯ ಮಾತಿಗೆ ಬಂದಿದ್ದರು. ಈ ಮಕ್ಕಳಿಗೆ ಬೇಗ ತೂಕ ಬರಬೇಕು, ಬೇಗ ಮನೆಗೆ ಹೋಗಬೇಕು ಅಂದರೆ ಕಾಂಗರೂ ಬೇಕೇ ಬೇಕು, ನಮ್ಮಲ್ಲಿ ಅದೇ ಇಲ್ಲ.

ಇಲ್ಲಿ ನಮ್ಮ ಕಸುಬಿನ ಒಂದು ಮಾತು ಹೇಳಬೇಕು. ತಿರುಪ್ಪೂರಿನಲ್ಲಿ ಕಾಂಗರೂ ಎಂದರೆ ಪ್ರಾಣಿಯಲ್ಲ, ಜೇಬು. ಟೋಪಿ ಇರುವ ದಪ್ಪ ಅಂಗಿ, ಹುಡಿ ಎನ್ನುತ್ತಾರಲ್ಲ, ಅದರ ಹೊಟ್ಟೆಯ ಮೇಲೆ ಎರಡು ಕಡೆಯಿಂದಲೂ ಕೈ ತೂರಿಸುವ ಒಂದು ದೊಡ್ಡ ಜೇಬಿರುತ್ತದೆ. ಅದು ಕಾಂಗರೂ ಪಾಕೆಟ್ಟು. ನಮ್ಮಲ್ಲಿ ಹೊಲಿಯುವ ಹೆಂಗಸರಿಗೆ ‘ಇವತ್ತು ಎಷ್ಟು ಕಾಂಗರೂ ಆಯಿತು’ ಎಂದು ಕೇಳಿದರೆ ಯಾರೂ ಕಾಡಿನ ಕಡೆ ನೋಡುವುದಿಲ್ಲ.

ಚಳಿ ಹಿಡಿದ ಮಕ್ಕಳು, ಬೆಚ್ಚನೆಯ ಕಾಂಗರೂ. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ಸಭೆಯೇ ಎನ್ನಿಸಿತು. ಎದ್ದು ನಿಂತೆ.

“ಮೇಡಂ, ಕಾಂಗರೂ ನನ್ನ ಲೆಕ್ಕ. ಯಾರೂ ಒಂದು ಕಾಸು ಕೊಡಬೇಕಾಗಿಲ್ಲ.”

ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿಕೊಂಡು, ಪೂರ್ತಿಯಾಗಿ ನೀವೇನಾ ಸಾರ್ ಎಂದರು. ನೂಲಿನಿಂದ ಹಿಡಿದು ಪ್ಯಾಕಿಂಗಿನವರೆಗೆ ಎಲ್ಲ ನಮ್ಮದೇ ಎಂದೆ. ಅದೇನೋ ತಿರುಪ್ಪೂರಿನ ಗಾದೆ ಎಂದುಕೊಂಡಿರಬೇಕು, ನಕ್ಕರು. ಎಷ್ಟು ಬೇಕಾಗಬಹುದು ಎಂದು ಕೇಳಿದೆ. ಶುರುವಿಗೆ ಹನ್ನೆರಡು ಇದ್ದರೆ ದೇವರ ದಯೆ ಎಂದರು.

“ಹನ್ನೆರಡಾ? ನಾನು ಸಾವಿರಕ್ಕೆ ಕಡಿಮೆ ಆರ್ಡರನ್ನೇ ತಗೊಳ್ಳೋದಿಲ್ಲ, ಮೇಡಂ.”

ಇದನ್ನು ಅವರು ನನ್ನ ಹೃದಯ ವೈಶಾಲ್ಯ ಎಂದುಕೊಂಡರು. ಅದು ತಪ್ಪೇನಲ್ಲ. ಬಣ್ಣ ಯಾವುದಿರಲಿ ಎಂದೆ. ಕಣ್ಣಿಗೆ ಹಿತವಾದದ್ದು, ತಿಳಿ ಹಸಿರಾದರೆ ಒಳ್ಳೆಯದು ಎಂದರು. ಬೂದಿ ಇನ್ನೂ ಹಿತ ಎಂದೆ. ನಿಮ್ಮಿಷ್ಟ ಎಂದರು. ಎರಡು ತಿಂಗಳಾದರೂ ಬೇಕಾದೀತೇನೋ ಎಂದು ಅವರೇ ಹಿಂಜರಿದರು. ನಾನು ಎರಡು ವಾರ ಎಂದೆ. ಕೊಯಮತ್ತೂರಿನ ಯಾವ ಮೇಸ್ತ್ರಿಯ ಬಾಯಲ್ಲೂ ಅವರು ಅಂಥ ಮಾತು ಕೇಳಿರಲಿಲ್ಲ. ನನ್ನ ಕೈ ಹಿಡಿದುಕೊಂಡರು. ಯಾರೋ ಫೋಟೋ ತೆಗೆದರು.

ಕಾರಿಡಾರಿನಲ್ಲಿ ನಿವೇತಾ ಎಲ್ಲ ಕೇಳಿಸಿಕೊಂಡಿದ್ದಳು. ಅವಳಿಗೆ ಡಾಕ್ಟರಮ್ಮನ ಕಾಂಗರೂ ಯಾವುದೆಂದು ಗೊತ್ತಿತ್ತು, ನನ್ನ ಕಾಂಗರೂ ಯಾವುದೆಂದು ಗೊತ್ತಿರಲಿಲ್ಲ. ಬಂದು ನನ್ನ ತೋಳಿಗೆ ಹಣೆ ಒತ್ತಿ ಸ್ವಲ್ಪ ಹೊತ್ತು ನಿಂತಳು. ಒಂದು ಹುಡಿಗೆ ಇಷ್ಟು ಕೃತಜ್ಞತೆ ಯಾಕೆ ಎಂದು ನನಗೇ ಆಶ್ಚರ್ಯವಾಯಿತು, ಆದರೆ ನಾನು ಕೃತಜ್ಞತೆಯನ್ನು ಎಂದೂ ವಾಪಸ್ ಕಳಿಸಿದವನಲ್ಲ.

ಮರುದಿನವೇ ಆಸ್ಪತ್ರೆಯ ಗೇಟಿಗೆ ಫ್ಲೆಕ್ಸ್ ಬಂತು. ನನ್ನ ಮುಖ ಮಾರುತಿ ವ್ಯಾನಿನಷ್ಟು ದೊಡ್ಡದು. ಕೆಳಗೆ ತಮಿಳಿನಲ್ಲಿ, ‘ಕಾಂಗರೂ ವಾರ್ಡಿನ ಮಹಾದಾನಿ ತಿರುಪ್ಪೂರು ದೊರೈಸಾಮಿ’. ವಾರ್ಡ್ ಎಂಬ ಪದವನ್ನು ನಾನು ನೋಡಲಿಲ್ಲವೇ ಎಂದು ಆಮೇಲೆ ಬಹಳ ಜನ ಕೇಳಿದ್ದಾರೆ. ಸ್ವಂತ ಮುಖ ಅಷ್ಟು ದೊಡ್ಡದಾಗಿ ಇರುವಾಗ ಕೆಳಗಿನ ಅಕ್ಷರ ಓದುವವನು ಮನುಷ್ಯನೇ ಅಲ್ಲ.

ಆ ಫ್ಲೆಕ್ಸು ಕುಪ್ಪುಸಾಮಿಯ ಕಾರ್ಖಾನೆಯ ದಾರಿಯಲ್ಲೇ ಇತ್ತು. ದಿನಕ್ಕೆರಡು ಸಲ ನನ್ನ ಮುಖದ ಕೆಳಗೇ ಅವನು ಹಾದುಹೋಗಬೇಕು. ಹೀಗೆ ಇಡಬೇಕೆಂದು ಹೇಳಿದ್ದು ನಾನಲ್ಲ. ಕಂಬ ತೋರಿಸಿದ್ದು ಮಾತ್ರ ನಾನು. ಮೂರನೆಯ ದಿನದಿಂದ ಅವನು ಸುತ್ತು ಹಾಕಿಕೊಂಡು ಸತ್ಯಮಂಗಲಂ ರಸ್ತೆಯ ಕಡೆಯಿಂದ ಹೋಗುತ್ತಿದ್ದಾನೆ ಎಂದು ಸುದ್ದಿ ಬಂತು.

ಶೆಡ್ಡಿನಲ್ಲಿ, ಕ್ಷಮಿಸಿ, ಕಂಪನಿಯಲ್ಲಿ, ಯುದ್ಧದ ಹಾಗೆ ಕೆಲಸ ನಡೆಯಿತು. ಜರ್ಮನಿಯವನು ಬೇಡವೆಂದ ಬೂದಿ ಬಣ್ಣದ ಬಟ್ಟೆ ರಾಶಿ ಬಿದ್ದಿತ್ತು. ಕಟಿಂಗ್ ಮಾಸ್ಟರ್ ವೆಲ್ಲಿಂಗಿರಿ ಅಳತೆ ಕೇಳಿದಾಗ ಅಂಗೈ ತೋರಿಸಿದೆ. ಅಷ್ಟು ಚಿಕ್ಕದಕ್ಕೆ ಕತ್ತರಿಯೇ ತಿರುಗುವುದಿಲ್ಲ ಎಂದು ಅವನು ಸ್ವಲ್ಪ ದೊಡ್ಡದಾಗಿಯೇ ಕತ್ತರಿಸಿದ. ಸಾವಿರ ಪುಟ್ಟ ಹುಡಿ, ಸಾವಿರ ಪುಟ್ಟ ಟೋಪಿ, ಸಾವಿರ ಪುಟ್ಟ ಕಾಂಗರೂ ಜೇಬು. ತಂಗಮಣಿ ಒಂದನ್ನು ಎತ್ತಿ, ಜೇಬಿನಲ್ಲಿ ಎರಡು ಬೆರಳು ತೂರಿಸಿ ನೋಡಿದಳು.

“ಆ ಕೂಸಿಗೆ ಕೈಯೇ ಇನ್ನೂ ಸರ್ಯಾಗ್ ಬಂದಿಲ್ಲೆ. ಜೇಬು ಯಾಕೆ?”

ಫ್ಯಾಷನ್ ತಿಳಿಯದವರ ಜೊತೆ ನಾನು ವಾದಕ್ಕಿಳಿಯುವುದಿಲ್ಲ.

ಎರಡು ವಾರಕ್ಕೆ ಸರಿಯಾಗಿ, ಆಸ್ಪತ್ರೆಯ ಅಂಗಳದಲ್ಲಿ ಶಾಮಿಯಾನ ಹಾಕಿದರು. ಗಣಪತಿಯ ಪಂಪಿನವರು, ಮೋಟಾರಿನವರು, ಲೇತ್ ಮೆಷಿನಿನವರು ಎಲ್ಲ ಬಂದರು. ಕುಪ್ಪುಸಾಮಿಯೂ ಮೊದಲ ಸಾಲಿನಲ್ಲಿ ಬಂದು ಕೂತ. ಹೊಟ್ಟೆಯುರಿಯನ್ನು ಎದುರಿಗೆ ಕೂತೇ ಅನುಭವಿಸುವ ಜಾತಿ ಅವನದು. ನಾನು ಟಾಟಾ ಏಸಿನ ಮುಂದಿನ ಸೀಟಿನಲ್ಲಿ ಬಂದಿಳಿದೆ. ಹಿಂದೆ ಬಂಡಲುಗಳು, ಬಂಡಲಿನ ಮೇಲೆ ಹೂವಿನ ಹಾರ. ಡಾಕ್ಟರಮ್ಮ ನನಗೆ ವಣಕ್ಕಂ ಹೇಳಿ, ನನ್ನ ಹೆಗಲ ಮೇಲಿಂದ ಗಾಡಿಯ ಹಿಂದೆ ನೋಡಿದರು. ಅದರ ಹಿಂದೆ ಇನ್ನೇನಾದರೂ ಬರುತ್ತಿದೆಯೇ ಎಂದು ರಸ್ತೆ ನೋಡಿದರು. ಮೇಸ್ತ್ರಿಗಳು ಬಂದಿಲ್ಲವೇ ಎಂದು ಕೇಳಿದರು. ಕಟಿಂಗ್ ಮಾಸ್ಟರನ್ನು ವೇದಿಕೆಗೆ ಕರೆಯುವ ಪದ್ಧತಿ ನಮ್ಮಲ್ಲಿಲ್ಲ ಎಂದೆ.

ಬಂಡಲು ಬಿಚ್ಚಿದೆ. ಒಂದು ಹುಡಿಯನ್ನು ಎರಡೂ ಕೈಯಲ್ಲಿ ಹಿಡಿದು ಸಭೆಗೆ ತೋರಿಸಿ, ಆಮೇಲೆ ಡಾಕ್ಟರಮ್ಮನ ಕೈಗಿಟ್ಟೆ. ಅವರು ಅದನ್ನು ತಿರುಗಿಸಿ ನೋಡಿದರು, ಮಗುಚಿ ನೋಡಿದರು. ಇದು ಏನು ಸಾರ್ ಎಂದರು. ಕಾಂಗರೂ ಎಂದೆ. ಜೇಬಿನ ಮೇಲೆ ಬೆರಳಿಟ್ಟು ತೋರಿಸಿದೆ. ವೆಲ್ಲಿಂಗಿರಿಯ ಕತ್ತರಿಯ ಕೃಪೆಯಿಂದ, ಒಳಗಿನ ಯಾವ ಕೂಸಿಗೂ ಆ ಅಂಗಿ ಆಗುವಂತಿರಲಿಲ್ಲ. ಆ ಜೇಬಿನಲ್ಲಿ ಬೇಕಾದರೆ ಕೂಸು ಪೂರ್ತಿ ಹಿಡಿಸುತ್ತಿತ್ತು.

ಡಾಕ್ಟರಮ್ಮ ಒಳ್ಳೆಯವರು, ಮೈಕಿನಿಂದ ದೂರ ಸರಿದು ಮೆಲ್ಲಗೆ ಹೇಳಿದರು. ಕೂಸನ್ನು ತಾಯಿಯ ಬರೀ ಎದೆಗೆ ಅಂಟಿಸಿಕೊಂಡು ಗಂಟೆಗಟ್ಟಲೆ ಇಟ್ಟುಕೊಳ್ಳುವುದೇ ಕಾಂಗರೂ. ಆ ಕಾವಿಗೆ ಕೂಸಿನ ಉಸಿರು ಸರಿಹೋಗುತ್ತದೆ, ತೂಕ ಏರುತ್ತದೆ. ಅದಕ್ಕೆ ತಾಯಂದಿರು ಒರಗಿ ಕೂರುವ ಹನ್ನೆರಡು ಕುರ್ಚಿ ಬೇಕು, ಕುರ್ಚಿ ಹಾಕಲು ಒಂದು ಕೋಣೆ ಬೇಕು.

“ಕಾಂಗರೂ ಅಂದ್ರೆ ಬಟ್ಟೆ ಅಲ್ಲ ಸಾರ್. ಬಟ್ಟೆ ಇಲ್ಲದಿರೋದು.”

ಬಟ್ಟೆ ಇಲ್ಲದಿರುವುದು ಎಂಬ ಸರಕನ್ನು ತಿರುಪ್ಪೂರಿನಲ್ಲಿ ಇನ್ನೂ ಯಾರೂ ತಯಾರಿಸಿಲ್ಲ. ನನಗೆ ತಿಳಿಯದಿದ್ದದ್ದರಲ್ಲಿ ಆಶ್ಚರ್ಯವೇನು. ಆದರೆ ಡಾಕ್ಟರಮ್ಮ ಇನ್ನೊಂದು ಮಾತು ಸೇರಿಸಿದರು. ನೀವು ಕೊಡುತ್ತೇನೆ ಎಂದ ಮೇಲೆ ನಾನು ಬೇರೆ ಯಾರನ್ನೂ ಕೇಳಲಿಲ್ಲ, ಕೊಡಲು ಬಂದವರಿಗೂ ಬೇಡ ಎಂದುಬಿಟ್ಟೆ ಎಂದರು. ಅದನ್ನು ಕೋಪದಲ್ಲಿ ಹೇಳಿದ್ದರೆ ಚೆನ್ನಾಗಿತ್ತು.

ಮೊದಲ ಸಾಲಿಗೆ ಎಲ್ಲವೂ ಕೇಳಿಸಿತ್ತು. ಅಲ್ಲಿಂದ ನಗು ಹಿಂದಿನ ಸಾಲುಗಳಿಗೆ ಹೋಯಿತು. ಕುಪ್ಪುಸಾಮಿ ಎದ್ದು ಬಂದು, ಒಂದು ಹುಡಿಯನ್ನು ಕೈಗೆತ್ತಿಕೊಂಡು, ಇಡೀ ಅಂಗಳಕ್ಕೆ ಕೇಳುವಂತೆ ಕನ್ನಡದಲ್ಲಿ ಕೇಳಿದ.

“ಮಾಪ್ಳೆ, ಪಾಪ ಇದ್ರಾಗೆ ಏನ್ ಇಕ್ಕೊಳ್ತೈತೆ? ಆಧಾರ್ ಕಾರ್ಡಾ?”

ಆಮೇಲೆ ಸುತ್ತಲಿನವರಿಗೆ ತಮಿಳಿನಲ್ಲಿ ವ್ಯಾಖ್ಯಾನ ಶುರು ಮಾಡಿದ. ಬನಿಯನ್ ಹೊಲಿಯುವವರನ್ನು ಕೋಣೆ ಕಟ್ಟಲು ಕೇಳಿದರೆ ಹೀಗೇ ಆಗುವುದು. ನನ್ನನ್ನು ಕೇಳಿದ್ದರೆ ಒಂದು ಕೋಣೆ ಏನು ಮಹಾ, ಕುರ್ಚಿ ಸಮೇತ ಇಪ್ಪತ್ತು ದಿನದಲ್ಲಿ ಎಬ್ಬಿಸಿಬಿಡುತ್ತಿದ್ದೆ. ಏನು ಮಾಡುವುದು, ಕುಪ್ಪುಸಾಮಿಯನ್ನು ಯಾರೂ ಕೇಳಲಿಲ್ಲ. ಈ ಮಾತನ್ನು ಅವನು ಮೂರು ಗುಂಪಿಗೆ ಮೂರು ಸಲ ಹೇಳಿದ. ಮೂರನೆಯ ಸಲಕ್ಕೆ ಇಪ್ಪತ್ತು ದಿನ ಹದಿನೈದಾಗಿತ್ತು.

ಕಾರಿಡಾರಿನ ಬಾಗಿಲಿನಲ್ಲಿ ನಿವೇತಾ ಇದ್ದಳು. ಅವಳ ಹಿಂದೆ ಆ ಬೆಂಚಿನ ಇತರ ತಾಯಂದಿರು, ನೈಟಿಯ ಮೇಲೆ ಟವೆಲ್ಲು ಹೊದ್ದುಕೊಂಡವರು. ಅವಳು ನಗಲಿಲ್ಲ, ಅಳಲೂ ಇಲ್ಲ. ನನ್ನ ಹತ್ತಿರ ಬಂದಳು.

“ಎಲ್ಲರ್ಗೂ ಏಳ್ಬಿಟ್ಟಿದೀನಿ ಮಾಮ, ನಮ್ ಮಾಮ ಕಟ್ಟಿಸ್ತಾರೆ ಅಂತ.” ಆಮೇಲೆ, “ನಂಗೆ ಕುಂತ್ಕೊಳ್ಳಾಕೆ ಒಂದು ಕುರ್ಚಿ ಸಾಕಾಗಿತ್ತು.”

ಜರ್ಮನಿಯವನು ಇಡೀ ಕಂಟೇನರು ವಾಪಸ್ ಕಳಿಸಿದಾಗ ನಾನು ಎರಡು ಇಡ್ಲಿ ಹೆಚ್ಚಿಗೆ ತಿಂದವನು. ಆ ಒಂದು ಕುರ್ಚಿ ಮಾತ್ರ ಅರಗಲಿಲ್ಲ. ಇನ್ನು ನಾನು ಹೋಗುವುದು ಎಲ್ಲಿಗೆ ಎಂದು ಯೋಚಿಸುತ್ತಿದ್ದಾಗ ಕುಪ್ಪುಸಾಮಿಯ ದನಿ ನಾಲ್ಕನೆಯ ಗುಂಪಿನಿಂದ ಕೇಳಿತು. ಅವನು ಹತ್ತು ದಿನಕ್ಕೆ ಇಳಿದಿದ್ದ.

ಮೈಕಿನ ಹತ್ತಿರ ಹೋದೆ. ನನಗೆ ಹೊದಿಸಲು ತಂದಿದ್ದ ಪೊನ್ನಾಡೈ ತಟ್ಟೆಯಲ್ಲೇ ಇತ್ತು, ಜರಿಯಂಚಿನ ಒಳ್ಳೆಯ ಶಾಲು. ಅದನ್ನು ಕೈಗೆ ತೆಗೆದುಕೊಂಡು ನನ್ನ ಅತ್ಯುತ್ತಮ ತಮಿಳಿನಲ್ಲಿ ಆರಂಭಿಸಿದೆ. ಪೆರಿಯೋರ್ಗಳೇ, ತಾಯ್ಮಾರ್ಗಳೇ. ಇದುವರೆಗೆ ನಡೆದದ್ದು ನಾಟಕ. ನಿಜವಾದ ದಾನಿಯ ಹೆಸರು ಕೊನೆಯ ಗಳಿಗೆಯವರೆಗೆ ಗುಟ್ಟಾಗಿರಬೇಕೆಂದು ಆ ಮಹಾನುಭಾವರೇ ಬೇಡಿಕೊಂಡಿದ್ದರು. ನಾನು ಬಟ್ಟೆಯ ವಿಭಾಗ ಮಾತ್ರ. ಕೋಣೆ, ಕುರ್ಚಿ, ಫ್ಯಾನು, ಎಲ್ಲವನ್ನೂ ಹತ್ತೇ ದಿನದಲ್ಲಿ ಕೊಡುವೆನೆಂದು ಈಗ ತಾನೇ ನಿಮ್ಮ ನಡುವೆ ಓಡಾಡಿ ತಮ್ಮ ಬಾಯಿಂದಲೇ ಸಾರಿದ ಕೊಡೈವಳ್ಳಲ್, ದಾನಶೂರ, ನನ್ನ ಮಚ್ಚಾನ್, ಕುಪ್ಪುಸಾಮಿ ಅವರು. ಅವರ ಮಾತಿಗೆ ಮೂರು ಗುಂಪು ಸಾಕ್ಷಿ ಇದೆ. ಅಲ್ಲ, ನಾಲ್ಕು.

ನಾಲ್ಕು ಗುಂಪೂ ಚಪ್ಪಾಳೆ ತಟ್ಟಿತು. ನಾನು ಕೆಳಗಿಳಿದು ಹೋಗಿ ಪೊನ್ನಾಡೈಯನ್ನು ಅವನ ಹೆಗಲಿಗೆ ಹೊದಿಸಿ, ಎರಡೂ ತುದಿಯನ್ನು ಎಳೆದು ಹಿಡಿದುಕೊಂಡೆ, ಹೊಸ ಕರುವನ್ನು ಹಗ್ಗದಲ್ಲಿ ಹಿಡಿದ ಹಾಗೆ. ತಂಗಮಣಿ ಎದ್ದು ನಿಂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಳು. ತಂಗಿಯ ಎದುರು, ಇಡೀ ಗಣಪತಿಯ ಎದುರು, ಪೊನ್ನಾಡೈ ಬಿದ್ದ ಮೇಲೆ ಇಲ್ಲ ಎಂದವನು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಕುಪ್ಪುಸಾಮಿ ಎಲ್ಲರಿಗೂ ಕೈಮುಗಿಯುತ್ತಾ, ಮುಖದಲ್ಲಿ ಮದುಮಗನ ನಗು ಇಟ್ಟುಕೊಂಡು, ಕನ್ನಡದಲ್ಲಿ ನನ್ನ ವಂಶದ ಬಗ್ಗೆ ನನಗೇ ಗೊತ್ತಿಲ್ಲದ ಕೆಲವು ಸಂಗತಿಗಳನ್ನು ಹೇಳಿದ.

ಅವನೂ ಏನು ಕಡಿಮೆಯವನಲ್ಲ. ಮೈಕು ಕಿತ್ತುಕೊಂಡ. ಕೊಡುತ್ತೇನೆ, ನನ್ನ ಕಾರ್ಖಾನೆಯ ಪಕ್ಕದಲ್ಲೇ ಇರುವ ಈ ಮಕ್ಕಳಿಗಲ್ಲದೆ ಯಾರಿಗೆ ಕೊಡಲಿ ಎಂದ. ಅಲ್ಲಿಗೆ ಡಾಕ್ಟರಮ್ಮ ಕುರ್ಚಿ ಹುಡುಕಿ ಕೂತುಬಿಟ್ಟರು. ಆದರೆ ಒಂದು ಷರತ್ತು, ಎಂದು ಅವನು ಮುಂದುವರಿಸಿದ. ತಾಯಿಗೆ ದಣಿವಾದಾಗ ಮನೆಯವರು ಯಾರಾದರೂ ಎದೆಯ ಮೇಲೆ ಇಟ್ಟುಕೊಳ್ಳಬಹುದಂತೆ, ಈಗ ತಾನೇ ಡಾಕ್ಟರಮ್ಮನ ಹತ್ತಿರ ಕೇಳಿ ತಿಳಿದುಕೊಂಡೆ. ಆ ಕೋಣೆಯಲ್ಲಿ ಮೊದಲ ಗಂಡು ಕಾಂಗರೂ ನಮ್ಮ ಮಾಪ್ಳೆಯೇ ಆಗಬೇಕು. ಸಾವಿರ ಕೊಟ್ಟವರು ಒಂದು ಆಗಲಾರರೇ.

ಚಪ್ಪಾಳೆ ನನಗೆ ಬಿದ್ದದ್ದಕ್ಕಿಂತ ಅವನಿಗೆ ಹೆಚ್ಚೇ ಬಿತ್ತು ಎಂದು ಹೇಳುವವರಿದ್ದಾರೆ. ಗಾಳಿಗೆ ಶಾಮಿಯಾನ ಬಡಿದ ಸದ್ದಿರಬೇಕು.

ಹತ್ತು ದಿನದಲ್ಲಿ ಕೋಣೆ ಆಗಲಿಲ್ಲ, ತಿಂಗಳ ಮೇಲೆ ಹಿಡಿಯಿತು. ಅಷ್ಟೂ ದಿನ ನಿವೇತಾ ಬೆಂಚಿನ ಮೇಲೇ ಇದ್ದಳು, ಕೂಸು ಪೆಟ್ಟಿಗೆಯಲ್ಲೇ ಇತ್ತು. ಒಂದು ವಾರ ಅದಕ್ಕೆ ಸೋಂಕು ತಗುಲಿ, ಕಿಂಡಿಯಿಂದ ಮುಟ್ಟುವುದಕ್ಕೂ ಬಿಡಲಿಲ್ಲ. ಆ ವಾರದ ಬಗ್ಗೆ ನನ್ನ ಹತ್ತಿರ ದೊಡ್ಡದು ಮಾಡಿ ಹೇಳುವಂಥದ್ದು ಏನೂ ಇಲ್ಲ. ಸ್ಕೂಟರು ದಿನಾ ಗಣಪತಿಗೆ ಹೋಯಿತು, ಬಂತು. ಕುಪ್ಪುಸಾಮಿಯನ್ನು ಹೊಸ ಗೋಡೆಯ ಹತ್ತಿರ ನೋಡಿದರೆ ಇಬ್ಬರೂ ಬೈದಾಡಲಿಲ್ಲ, ಸಿಮೆಂಟಿನ ಬಗ್ಗೆ ಮಾತಾಡಿದೆವು.

ನನ್ನ ಸಾವಿರ ಹುಡಿಗಳೂ ವ್ಯರ್ಥವಾಗಲಿಲ್ಲ. ನರ್ಸಮ್ಮಗಳು ಅವನ್ನು ಕುದಿಯುವ ನೀರಿನಲ್ಲಿ ತೊಳೆಸಿ, ಸುರುಳಿ ಸುತ್ತಿ, ಪೆಟ್ಟಿಗೆಯೊಳಗೆ ಕೂಸಿನ ಸುತ್ತ ಹಕ್ಕಿಗೂಡಿನ ಹಾಗೆ ಇಟ್ಟರು. ಅಂಥ ಗೂಡಿದ್ದರೆ ಕೂಸುಗಳು ಇನ್ನೂ ಹೊಟ್ಟೆಯಲ್ಲೇ ಇದ್ದೇವೆಂದುಕೊಂಡು ನೆಮ್ಮದಿಯಾಗಿರುತ್ತವಂತೆ. ಸುರುಳಿ ಸುತ್ತುವಾಗ ಕಾಂಗರೂ ಜೇಬು ಒಳಕ್ಕೆ ಹೋಗಿ ಕಾಣುವುದಿಲ್ಲ, ಅದೊಂದೇ ನೋವು. ನಾಲ್ಕು ಹುಡಿಯಿಂದ ನೆಲ ಒರೆಸುತ್ತಿದ್ದದ್ದನ್ನೂ ನೋಡಿದೆ. ಅವು ಹೊಲಿಗೆ ಕೆಟ್ಟ ಸೆಕೆಂಡ್ಸ್ ಇರಬೇಕು.

ಕೋಣೆ ತೆರೆದ ದಿನ ನಿವೇತಾ ಎಲ್ಲರಿಗಿಂತ ಮೊದಲು ಹೋಗಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಳು. ಕೂಸನ್ನು ತಂದು ಎದೆಯ ಮೇಲಿಟ್ಟು ಬಟ್ಟೆ ಸುತ್ತಿದರು. ಅವಳು ಅದರ ನೆತ್ತಿಯ ಮೇಲೆ ಗಲ್ಲ ಇಟ್ಟು ಕಣ್ಣು ಮುಚ್ಚಿದವಳು ಊಟದ ಹೊತ್ತಿಗೂ ಏಳಲಿಲ್ಲ. ನರ್ಸಮ್ಮ ಬೈದು, ಸ್ನಾನ ಮಾಡಿ ಎರಡು ತುತ್ತು ತಿಂದು ಬಾ ಎಂದು ಎಬ್ಬಿಸಿದಾಗ ಸಾಯಂಕಾಲ. ಯಾರಾದರೂ ಇದ್ದೀರಾ ಎಂದು ನರ್ಸಮ್ಮ ಬಾಗಿಲಲ್ಲಿ ಕೇಳಿದರು. ನಾನು ಹಿಂದೆ ತಿರುಗಿ ನೋಡಿದೆ. ನನ್ನ ಹಿಂದೆ ಯಾರೂ ಇರಲಿಲ್ಲ, ಕುಪ್ಪುಸಾಮಿಯನ್ನು ಬಿಟ್ಟರೆ. ಅವನು ಫೋನು ಹಿಡಿದು ಸಿದ್ಧವಾಗಿದ್ದ.

ಕೈಯನ್ನು ಮೊಣಕೈವರೆಗೆ ತೊಳೆಸಿದರು. ಶರ್ಟು ಬಿಚ್ಚಿದೆ. ಬನಿಯನ್ನೂ ಬಿಚ್ಚಬೇಕೇ ಎಂದು ಕೇಳಿದೆ. ಅದನ್ನೇ ಬಿಚ್ಚಬೇಕು ಎಂದರು. ನಮ್ಮ ತಾತ ಒಂದು ಊರಿಗೇ ತೊಡಿಸಿದ್ದನ್ನು ಮೊಮ್ಮಗ ಕೊಯಮತ್ತೂರಿನಲ್ಲಿ, ಹನ್ನೆರಡು ಕುರ್ಚಿಯ ಎದುರು, ಬಿಚ್ಚಿದ.

ಕೂಸನ್ನು ಇಟ್ಟರು. ಮೊದಲು ಏನೂ ಇಟ್ಟಿಲ್ಲವೆಂದೇ ಅನ್ನಿಸಿತು. ಇಟ್ಟಿರಾ ಎಂದು ಕೇಳಿದೆ. ನನ್ನ ದನಿ ಎಂಥದೆಂದರೆ ನೂರು ಮೆಷಿನಿನ ಸದ್ದಿನಲ್ಲೂ ಕೇಳುವಂಥದು. ಎದೆಯ ಮೇಲೆ ಏನೋ ಬೆಚ್ಚಿ, ಐದು ಪುಟ್ಟ ಬೆರಳು ಅಗಲವಾದವು. ನರ್ಸಮ್ಮ ತುಟಿಯ ಮೇಲೆ ಬೆರಳಿಟ್ಟರು. ಇಲ್ಲಿ ಮಾತಾಡಬಾರದು ಸಾರ್, ಸುಮ್ಮನೆ ಉಸಿರಾಡಿ, ಅಷ್ಟೇ ಸಾಕು ಎಂದರು. ನನಗೆ ಜೀವಮಾನದಲ್ಲಿ ಯಾರೂ ಇಷ್ಟು ಚಿಕ್ಕ ಕೆಲಸ ಕೊಟ್ಟಿರಲಿಲ್ಲ.

ಕುಪ್ಪುಸಾಮಿ ಕೈ ತೊಳೆದುಕೊಂಡು ಒಳಗೆ ಬಂದ. ಫೋಟೋ ತೆಗೆದ. ಪಕ್ಕದಲ್ಲಿ ಕೂತು, ಮೆಲುದನಿಯಲ್ಲಿ, ಮೂವತ್ತು ವರ್ಷದ ಬಾಕಿಯನ್ನೆಲ್ಲ ತೀರಿಸಿದ. ನನ್ನ ಹೊಟ್ಟೆಯ ಬಗ್ಗೆ, ನನ್ನ ಎಕ್ಸ್‌ಪೋರ್ಟಿನ ಬಗ್ಗೆ, ಅವನ ತಂಗಿಯ ಹಣೆಬರಹದ ಬಗ್ಗೆ. ಒಂದೊಂದಕ್ಕೂ ನನ್ನ ನಾಲಿಗೆಯ ತುದಿಯಲ್ಲಿ ಹತ್ತು ಹತ್ತು ಉತ್ತರ ಬಂದು ನಿಂತವು. ಒಂದನ್ನೂ ಬಿಡಲಿಲ್ಲ. ಉತ್ತರ ಬರದ ಕಡೆ ಬೈಯುವುದು ಎಷ್ಟು ಹೊತ್ತು. ಕೊನೆಗೆ ಅವನೂ ಸುಮ್ಮನಾದ. ಕೂಸಿನ ಬೆನ್ನು ಏಳುವುದನ್ನೂ ಇಳಿಯುವುದನ್ನೂ ನೋಡುತ್ತಾ ಕೂತ. ಎದ್ದು ಹೋಗುವಾಗ ಬೂದಿ ಬಣ್ಣದ ಒಂದು ಹುಡಿಯನ್ನು ತೆಗೆದು ಕೂಸಿನ ಕಾಲಿನ ಮೇಲೆ ಮುಚ್ಚಿ ಹೋದ. ಅದಕ್ಕೂ ನನಗೊಂದು ಒಳ್ಳೆಯ ಮಾತು ಹೊಳೆದಿತ್ತು.

ನಿವೇತಾ ತಲೆ ಒರೆಸಿಕೊಂಡು ಬಂದಳು. ಮೈಯಿಂದ ಸೋಪಿನ ವಾಸನೆ. ಎರಡೂ ಕೈ ಚಾಚಿದಳು.

“ಕೊಡಿ ಮಾಮ.”

“ಒಸಿ ಇರು ತಾಯಿ, ಈಗ ತಾನೆ ನಿದ್ದೆ ಬಂತು,” ಎಂದೆ, ನನ್ನದೆಂದು ನನಗೇ ಗುರುತು ಸಿಗದ ಪಿಸುದನಿಯಲ್ಲಿ.

“ಯಾರ್ಗೆ?” ಎಂದಳು.

ಕೊಟ್ಟೆ. ಅವಳು ಆ ಕುರ್ಚಿಯಲ್ಲಿ ಕೂತು, ಚೆಕಿಂಗ್‌ನ ಹೆಂಗಸರು ಹೊಲಿಗೆ ನೋಡುವ ಹಾಗೆ ಒಂದೊಂದು ಬೆರಳನ್ನೂ ಬಿಡಿಸಿ ನೋಡಿ, ಎದೆಗೆ ಸೇರಿಸಿಕೊಂಡಳು. ನನ್ನ ಕಡೆ ಮತ್ತೆ ನೋಡಲಿಲ್ಲ. ನನ್ನ ಎದೆಯ ಮೇಲೆ ಅಂಗೈಯಗಲ ಜಾಗ ಮಾತ್ರ ಬೆಚ್ಚಗಿತ್ತು, ಸುತ್ತೆಲ್ಲ ಎಸಿಯ ಗಾಳಿ.

ಬನಿಯನ್ ಹಾಕಿಕೊಂಡು, ಶರ್ಟನ್ನು ಹೆಗಲಿಗೆ ಎಸೆದು ಹೊರಗೆ ಬಂದೆ. ಸ್ಕೂಟರು ಅಲ್ಲೇ ಇದ್ದದ್ದು ನೆನಪಾದದ್ದು ತಿರುಪ್ಪೂರಿನ ಬಸ್ಸು ಅವಿನಾಶಿ ದಾಟಿದ ಮೇಲೆ. ಪಕ್ಕದಲ್ಲಿ ಕೂತಿದ್ದವನು ಬಹಳ ಹೊತ್ತು ನನ್ನನ್ನು ನೋಡಿ ನೋಡಿ, ಕಡೆಗೆ ತಡೆಯಲಾರದೆ, ಅಣ್ಣಾ, ಬನಿಯನ್ ಒಳಹೊರಗಾಗಿ ಹಾಕಿಕೊಂಡಿದ್ದೀರಿ, ಹೊಲಿಗೆ, ಲೇಬಲ್ಲು ಎಲ್ಲ ಆಚೆಗಿದೆ ಎಂದ.

ಯುರೋಪಿನಲ್ಲಿ ಈಗ ಹೀಗೇ ಹಾಕುತ್ತಾರೆ ಎಂದೆ.